ಖಾಕಿ ತೊಟ್ಟವಳು, ಠಾಣೆ ಮೆಟ್ಟಿಲು ಹತ್ತಿದವಳು

1989ರಲ್ಲಿ ದೂರದರ್ಶನದಲ್ಲಿ ಶುರುವಾದ ‘ಉಡಾನ್’ ಎಂಬ ಹಿಂದಿ ಧಾರಾವಾಹಿಯನ್ನು ಹೊಗಳುವವರು ಇವತ್ತಿಗೂ ಇದ್ದಾರೆ. ಕವಿತಾ ಚೌಧರಿ ತಾವೇ ಬರೆದು, ನಿರ್ದೇಶಿಸಿ, ಕಲ್ಯಾಣಿ ಸಿಂಗ್ ಎಂಬ ಐಪಿಎಸ್ ಅಧಿಕಾರಿಯ ಪಾತ್ರ ಮಾಡಿದರು. ಕಥೆಯ ಬೇರು ಅವರ ಅಕ್ಕ ಕಾಂಚನ್ ಚೌಧರಿಯವರ ಬದುಕಿನಲ್ಲಿತ್ತು. ಆಸ್ತಿ ವ್ಯಾಜ್ಯದಲ್ಲಿ ತಂದೆಗೆ ಆದ ಅನ್ಯಾಯ, ಪೊಲೀಸರ ಉದಾಸೀನ ಆಕೆಯನ್ನು ಈ ಕೆಲಸಕ್ಕೆ ದೂಡಿತು. 2004ರಲ್ಲಿ ಆಕೆ ಉತ್ತರಾಂಚಲದ ಪೊಲೀಸ್ ಮುಖ್ಯಸ್ಥೆಯಾದರು. ರಾಜ್ಯವೊಂದರ ಪೊಲೀಸ್ ಇಲಾಖೆ ಹೆಣ್ಣಿನ ಕೈಗೆ ಬಂದದ್ದು ದೇಶದಲ್ಲಿ ಅದೇ ಮೊದಲು.

ಒಳ್ಳೆಯದನ್ನು ಮೊದಲು ಒಪ್ಪೋಣ. ಗಂಡೇ ಬೇಕೆನ್ನುವ ಮನೆತನದಲ್ಲಿ ಹುಟ್ಟಿದ ಹುಡುಗಿ ಓದಿ, ಬೆವರು ಸುರಿಸಿ ಅಧಿಕಾರಿಯಾಗುತ್ತಾಳೆ. 2009ರ ನಮ್ಮ ‘ಕಿರಣ್ ಬೇಡಿ’ ಸಿನಿಮಾದ ಮಾಲಾಶ್ರೀಯ ಹಾಗೆ ಒದೆತದಿಂದಲೇ ನ್ಯಾಯ ತರುವುದಿಲ್ಲ. ಹಳ್ಳಿಯ ಎಷ್ಟೋ ಹುಡುಗಿಯರಿಗೆ ಇಂಥ ಕಥೆ ಧೈರ್ಯ ಕೊಟ್ಟೀತು.

ಆದರೆ ಗೆಳೆಯರೇ, ಈ ಕಥೆ ಠಾಣೆಯನ್ನು ಎಲ್ಲಿ ನಿಂತು ನೋಡುತ್ತದೆ? ಅದರ ಬೆನ್ನೆಲುಬು ಹೆಣ್ಣು-ಗಂಡಿನ ಭೇದ; ಜಾತಿಯಲ್ಲ. ಅನ್ಯಾಯವಾದ ಮನೆಯವರಿಗೆ ಅಕ್ಷರವಿತ್ತು, ಮಗಳನ್ನು ಐಪಿಎಸ್‌ವರೆಗೆ ಓದಿಸುವ ಚೈತನ್ಯವಿತ್ತು. ತಳಕು ಸೀಮೆಯ ಯಾವುದೋ ಹಟ್ಟಿಯಿಂದ ಶೇಂಗಾ ಕೀಳೋ ಕೂಲಿ ಬಿಟ್ಟು ಮಾದಿಗರ ಹೆಣ್ಣುಮಗಳೊಬ್ಬಳು ಯಾವುದೋ ಠಾಣೆಗೆ ಹೋದಳು ಅನ್ನಿ. ಅಲ್ಲಿ ಎದುರಾಗೋದು ಕಲ್ಯಾಣಿ ಅಲ್ಲ, ರೈಟರು. ‘ಗಂಡಸ್ರು ಯಾರೂ ಬಂದಿಲ್ವೇನಮ್ಮಾ? ಊರಾಗೇ ಕೂತು ಬಗೆಹರಿಸ್ಕಳ್ರಿ’ ಅಂದರೆ ಅಲ್ಲಿಗೆ ಕಥೆ ಮುಗೀತು. ಹೆಬ್ಬೆಟ್ಟು ಒತ್ತಿಸಿಕೊಂಡರೂ ಹಾಳೆಯಲ್ಲಿ ಏನು ಬರೆದರೋ ಆಕೆಗೆ ಗೊತ್ತಾಗುವುದಿಲ್ಲ.

‘ಉಡಾನ್’ ಬಂದ ವರ್ಷವೇ ಪಾರ್ಲಿಮೆಂಟು ಪರಿಶಿಷ್ಟ ಜಾತಿ-ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಮಾಡಿತು. 1990ರ ಜನವರಿ 30ರಿಂದ ಜಾರಿಗೆ ಬಂತು. ಬೇಕೆಂದೇ ಕರ್ತವ್ಯ ಕಡೆಗಣಿಸಿದ, ಪರಿಶಿಷ್ಟರಲ್ಲದ ಸರ್ಕಾರಿ ನೌಕರರಿಗೆ ಅದರ 4ನೇ ಕಲಮಿನಲ್ಲಿ ಕನಿಷ್ಠ 6 ತಿಂಗಳು ಜೈಲಿದೆ. 2016ರಲ್ಲಿ ಜಾರಿಯಾದ ತಿದ್ದುಪಡಿ ಆ ಕರ್ತವ್ಯವನ್ನು ಬಿಡಿಸಿ ಹೇಳಿತು: ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡು ಸಹಿಗೆ ಮೊದಲು ಓದಿ ಹೇಳಬೇಕು, ಎಫ್‌ಐಆರ್ ದಾಖಲಿಸಬೇಕು, ಪ್ರತಿ ಕೊಡಬೇಕು. ಧಾರಾವಾಹಿ ಒಳ್ಳೆಯ ಅಧಿಕಾರಿಯನ್ನು ನಂಬು ಅನ್ನುತ್ತದೆ. ಕಾಯ್ದೆ ಎಲ್ಲ ಅಧಿಕಾರಿಗಳ ಮೇಲೂ ಕಣ್ಣಿಡು ಅನ್ನುತ್ತದೆ. ನಮ್ಮ ಜನ ಉಂಡ ನೋವು ಇರೋದು ಈ ಒಣ ಸಾಲುಗಳಲ್ಲೇ.

ಎಫ್‌ಐಆರ್ ಆದರೂ ಸಾಲದು. 2000ರ ಮಾರ್ಚಿನಲ್ಲಿ ಕೋಲಾರ ಜಿಲ್ಲೆಯಲ್ಲಿದ್ದ ಕಂಬಾಲಪಲ್ಲಿಯಲ್ಲಿ 7 ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿ ನಿಂತಿದ್ದರು. ಹೊಲ, ಕೂಲಿ, ಸಾಲ ಎಲ್ಲವೂ ಮೇಲಿನವರ ಕೈಯಲ್ಲಿರುವ ಊರುಗಳಲ್ಲಿ ಸಾಕ್ಷಿ ಹೇಳಿ ಬದುಕೋದು ಹ್ಯಾಗೆ? ಒಬ್ಬಳು ಕಲ್ಯಾಣಿ ಇದಕ್ಕೆ ಉತ್ತರ ಅಲ್ಲ.

ಖಾಕಿ ಇಲ್ಲದೆ ಕೋಟೆ ಕಾದ ಹೆಣ್ಣು ನಮ್ಮ ದುರ್ಗದವಳು. ತಳಕಿನ ಮನೆತನದ ತ.ರಾ.ಸು. ಕಾದಂಬರಿಗಳಿಂದ ಹುಟ್ಟಿದ 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಆ ಓಬವ್ವನಾಗಿ ಒನಕೆ ಎತ್ತಿದರು. ಆಕೆ ಕಾವಲುಗಾರನ ಹೆಂಡತಿ, ಛಲವಾದಿಗಳ ಹೆಣ್ಣು. 2021ರಿಂದ ಸರ್ಕಾರ ನವೆಂಬರ್ 11ರಂದು ಆಕೆಯ ಜಯಂತಿ ಮಾಡುತ್ತಿದೆ. ಮಹಿಳಾ ಪೊಲೀಸರ ತಂಡಕ್ಕೆ ‘ಓಬವ್ವ ಪಡೆ’ ಅಂತ ಹೆಸರಿಟ್ಟದ್ದೂ ಆಯಿತು. ಹೆಸರೇನೋ ಸರಿ. ಆಕೆಯ ಕೇರಿಯ ಹೆಣ್ಣು ದೂರು ತಂದರೆ ಕೂರಲು ಕುರ್ಚಿ ಕೊಡ್ತಾರಾ?

ಮೇಷ್ಟ್ರುಗಳೇ, ಮಕ್ಕಳಿಗೆ ಕಲ್ಯಾಣಿಯ ಕಥೆ ಹೇಳಿ. ಜೊತೆಗೆ 4ನೇ ಕಲಮನ್ನೂ ಓದಿಸಿ. ಹಟ್ಟಿಯ ಹೆಣ್ಣು ಠಾಣೆಗೆ ಹೊರಟಾಗ ಓದು ಬಲ್ಲ ಒಬ್ಬರಾದರೂ ಆಕೆಯ ಜೊತೆ ಹೋಗಿ, ದೂರಿನ ಪ್ರತಿ ಕೈಗೆ ಬರುವವರೆಗೆ ಅಲ್ಲೇ ನಿಲ್ಲಿ.