‘ಪರದೇಶಿ’ ಶಬ್ದದ ಎರಡರ್ಥ

ಕನ್ನಡದಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಅನ್ಯದೇಶದವನೆಂಬುದು ಒಂದರ್ಥ, ದಿಕ್ಕಿಲ್ಲದವನೆಂಬುದು ಇನ್ನೊಂದು. ಆಡುಮಾತಿನಲ್ಲಿ ಇವೆರಡೂ ಬೆರೆತರೆ ಬಾಧಕವಿಲ್ಲ. ಆಡಳಿತದಲ್ಲಿ ಬೆರೆತರೆ ಅನರ್ಥವುಂಟಾಗುವುದು. ಬೆಳ್ಳಂದೂರಿನ ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ 2020ರ ಜನವರಿಯಲ್ಲಿ ನಡೆದುದು ಇದಕ್ಕೆ ನಿದರ್ಶನ.

ಅಲ್ಲಿ ಖಾಸಗಿ ನೆಲದಲ್ಲಿದ್ದ ತಗಡು, ಟಾರ್ಪಾಲುಗಳ ಗುಡಿಸಲುಗಳನ್ನು, ನಿವಾಸಿಗಳು ಬಾಂಗ್ಲಾದೇಶದವರೆಂಬ ಆರೋಪದ ಮೇಲೆ ಕೆಡವಲಾಯಿತು. ಮನೆಗೆಲಸ, ಕಾವಲು, ಕಟ್ಟಡದ ಕೂಲಿಗಳಿಂದ ಜೀವಿಸುತ್ತಿದ್ದ ಆ ಜನರಲ್ಲಿ ಅಸ್ಸಾಮ್, ತ್ರಿಪುರಗಳಿಂದ ಬಂದವರೂ ಉತ್ತರ ಕರ್ನಾಟಕದವರೂ ಇದ್ದರು. ಅನೇಕರು ತಮ್ಮ ಗುರುತಿನ ಚೀಟಿಗಳನ್ನು ತೋರಿಸಿದರು.

ಈ ಕ್ರಮದ ತರ್ಕವು ಪರೀಕ್ಷೆಗೆ ನಿಲ್ಲದು. ಬಂಗಾಳಿಯು ಬಾಂಗ್ಲಾದೇಶದ ನುಡಿಯಾಗಿರುವಂತೆ ಪಶ್ಚಿಮ ಬಂಗಾಳ, ತ್ರಿಪುರ, ಅಸ್ಸಾಮಿನ ಬರಾಕ್ ಕಣಿವೆಗಳ ನುಡಿಯೂ ಆಗಿದೆ. ಆದುದರಿಂದ ನುಡಿಯೊಂದರಿಂದಲೇ ಪೌರತ್ವವು ನಿರ್ಣಯವಾಗದು. ಅಂದು ಜಾರಿಯಲ್ಲಿದ್ದ 1946ರ ವಿದೇಶೀಯರ ಕಾಯಿದೆಯ 9ನೆಯ ಕಲಮು ಪುರಾವೆಯ ಭಾರವನ್ನು ಸಂದೇಹಕ್ಕೊಳಗಾದವನ ಮೇಲೆಯೇ ಹೊರಿಸಿದ್ದಿತು, ನಿಜ. ಆದರೆ ವಿಚಾರಣೆಯಿಲ್ಲದೆ ಮನೆ ಕೆಡವುವ ಅಧಿಕಾರವನ್ನು ಅದು ಕೊಟ್ಟಿರಲಿಲ್ಲ. ಸಂವಿಧಾನದ 19ನೆಯ ವಿಧಿಯಾದರೋ ದೇಶದ ಯಾವ ಭಾಗದಲ್ಲಾದರೂ ನೆಲಸುವ ಹಕ್ಕನ್ನು ಪೌರನಿಗೆ ಕೊಟ್ಟಿದೆ. ಕರ್ನಾಟಕದ ಉಚ್ಚ ನ್ಯಾಯಾಲಯವು ಅದೇ ವರ್ಷ ತೆರವನ್ನು ತಡೆದು, ನಡೆದ ಕ್ರಮವು ಮೇಲ್ನೋಟಕ್ಕೆ ಕಾಯಿದೆಗೆ ವಿರುದ್ಧವೆಂದು ಹೇಳಿತು.

ಗಡಿಯನ್ನು ಕಾಯುವುದು ಸರ್ಕಾರದ ಕರ್ತವ್ಯವಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಕರ್ತವ್ಯವೇ ಸರಿ, ಆದರೆ ಅದು ವ್ಯಕ್ತಿವ್ಯಕ್ತಿಯನ್ನು ವಿಚಾರಿಸಿ ನೆರವೇರಬೇಕಾದುದು, ಗುಡಿಸಲನ್ನು ಕಂಡು ಊಹಿಸಿ ಅಲ್ಲ. ಬೇರೆ ರಾಜ್ಯಗಳಿಂದ ಬಂದು ಸುತ್ತಲಿನ ಎತ್ತರದ ಮನೆಗಳಲ್ಲಿ ನೆಲಸಿದವರನ್ನು ಯಾರೂ ಹೀಗೆ ಶಂಕಿಸಲಿಲ್ಲ. ದಿಕ್ಕಿಲ್ಲದಿರುವಿಕೆಯನ್ನೇ ಅನ್ಯದೇಶೀಯತೆಗೆ ಪ್ರಮಾಣವಾಗಿ ಹಿಡಿದುದು ಇಲ್ಲಿಯ ಮೂಲದೋಷ. ಅಂದು ಮನೆ ಕಳೆದುಕೊಂಡವರು ಎರಡನೆಯ ಅರ್ಥದಲ್ಲಿ ಪರದೇಶಿಗಳಾದುದು ಆ ತೆರವಿನಿಂದಲೇ.