ಅಳಿಸುವವರ ಬರವಣಿಗೆ

1993ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಜೂಲಿಯನ್ ಡಿಬೆಲ್ ಎಂಬ ಪತ್ರಕರ್ತ ಬರೆದ ‘ಎ ರೇಪ್ ಇನ್ ಸೈಬರ್‌ಸ್ಪೇಸ್’ ಎಂಬ ದೀರ್ಘ ಲೇಖನ ಪ್ರಕಟವಾಯಿತು. ಆನ್‌ಲೈನ್ ಸಮುದಾಯಗಳ ಮೇಲೆ ಕೆಲಸ ಮಾಡುವ ಸಂಶೋಧಕರಲ್ಲಿ ಇದನ್ನು ಓದದವರು ಕಡಿಮೆ. ಆಟದ ಲೋಕವೊಂದು ತನ್ನ ಕಾನೂನನ್ನು ತಾನೇ ಕಂಡುಕೊಂಡ ಮೂಲಕಥೆಯೆಂಬಂತೆ ಇದನ್ನು ಪಾಠ ಮಾಡುತ್ತಾರೆ. ನಾನು ಮೊದಲು ಓದಿದ್ದೂ ಹಾಗೆಯೇ. 2021ರಿಂದ ಒಂದು ಮೊಬೈಲ್ ಗೇಮಿನ ಕನ್ನಡದ ಹುಡುಗರೇ ಹೆಚ್ಚಾಗಿರುವ ಡಿಸ್ಕಾರ್ಡ್ ಸರ್ವರಿನಲ್ಲಿ ಐದು ಜನ ಮಾಡರೇಟರುಗಳಲ್ಲಿ ಒಬ್ಬಳಾಗಿದ್ದೇನೆ. ಆ ಕೆಲಸದ ನಡುವೆ ಇದೇ ಲೇಖನವನ್ನು ಮತ್ತೆ ಓದಿದಾಗ, ಅದರಲ್ಲಿ ಯಾರಿದ್ದಾರೆ ಎನ್ನುವುದಕ್ಕಿಂತ ಯಾರಿಲ್ಲ ಎನ್ನುವುದು ಎದ್ದು ಕಾಣತೊಡಗಿತು.

ಮೊದಲು ಕಥೆ. ಲ್ಯಾಂಬ್ಡಾಮೂ ಎನ್ನುವುದು ಕ್ಯಾಲಿಫೋರ್ನಿಯಾದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ 1990ರಲ್ಲಿ ಕಟ್ಟಿದ ಲೋಕ. ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. ಒಂದು ದೊಡ್ಡ ಮನೆ, ಅದರ ಪಡಸಾಲೆ, ಕೋಣೆಗಳು, ಅಲ್ಲಿ ಓಡಾಡುವ ಜನ, ಎಲ್ಲವೂ ಪರದೆಯ ಮೇಲೆ ಸಾಲು ಸಾಲಾಗಿ ಮೂಡುವ ವಾಕ್ಯಗಳು. ಅಲ್ಲಿಗೆ ಮಿಸ್ಟರ್ ಬಂಗಲ್ ಎಂಬ ಹೆಸರಿನಲ್ಲಿ ಒಬ್ಬ ಬರುತ್ತಾನೆ. ಅವನ ಕೈಯಲ್ಲಿ ‘ವೂಡೂ ಗೊಂಬೆ’ ಎಂಬ ಸಣ್ಣ ಪ್ರೋಗ್ರಾಮ್ ಇದೆ. ಅದನ್ನು ಬಳಸಿದರೆ ಇನ್ನೊಬ್ಬರ ಪಾತ್ರ ಏನೋ ಮಾಡಿತು ಎಂಬ ವಾಕ್ಯವನ್ನು ಎಲ್ಲರ ಪರದೆಯ ಮೇಲೆ ಮೂಡಿಸಬಹುದು. ಪಡಸಾಲೆ ತುಂಬಾ ಜನ ಇರುವಾಗ ಅವನು ಲೆಗ್ಬಾ ಎಂಬ ಪಾತ್ರದ ಮೇಲೂ ಇನ್ನೊಬ್ಬರ ಮೇಲೂ ಲೈಂಗಿಕ ಹಿಂಸೆಯ ವಾಕ್ಯಗಳನ್ನು ಹರಿಯಬಿಡುತ್ತಾನೆ. ಮರುದಿನ ಲೆಗ್ಬಾ ಎಲ್ಲರೂ ಓದುವಂತೆ ಒಂದು ಬರಹ ಹಾಕುತ್ತಾಳೆ. ಒಂದೆಡೆ ಸಭ್ಯತೆ ಮೀರಿದ್ದಕ್ಕೆ ದೂರು, ಇನ್ನೊಂದೆಡೆ ಕಡುಕೋಪ, ಎರಡೂ ಒಂದೇ ಉಸಿರಿನಲ್ಲಿ. ಅದನ್ನು ಬರೆಯುವಾಗ ಸಿಯಾಟಲ್‌ನ ಆ ಹೆಂಗಸು ಅಳುತ್ತಿದ್ದಳು ಎಂಬುದು ಡಿಬೆಲ್‌ಗೆ ತಿಂಗಳುಗಳ ನಂತರ ಗೊತ್ತಾಗುತ್ತದೆ. ಅವಳ ಬೇಡಿಕೆ, ಬಂಗಲ್‌ನನ್ನು ‘ಕಪ್ಪೆ’ ಮಾಡಬೇಕು, ಅಂದರೆ ಅವನ ಖಾತೆಯನ್ನೇ ಅಳಿಸಬೇಕು. ಸಭೆ ಸೇರುತ್ತದೆ, ಗಂಟೆಗಟ್ಟಲೆ ಚರ್ಚೆಯಾಗುತ್ತದೆ, ತೀರ್ಮಾನವಾಗುವುದಿಲ್ಲ. ಎಲ್ಲ ಮುಗಿದ ಮೇಲೆ, ಆ ಸಭೆಯಲ್ಲಿ ಬಹುಮಟ್ಟಿಗೆ ಸುಮ್ಮನಿದ್ದ ಒಬ್ಬ ‘ವಿಝರ್ಡ್’ ಒಬ್ಬನೇ ಕೂತು ಕಮ್ಯಾಂಡ್ ಟೈಪ್ ಮಾಡುತ್ತಾನೆ. ಬಂಗಲ್ ಇಲ್ಲವಾಗುತ್ತಾನೆ.

ಡಿಬೆಲ್ ಒಳ್ಳೆಯ ಬರಹಗಾರ. ಘಟನೆಯನ್ನು ಹೇಳುವಾಗ ಅದರ ಲೋಕದ ಒಳಗೆ ನಿಂತು ಹೇಳುತ್ತಾನೆ. ಇದೆಲ್ಲ ಬರೀ ಅಕ್ಷರ ತಾನೆ ಎಂಬ ನಗುವನ್ನು ಓದುಗನ ತುಟಿಗೆ ತಂದು, ಅದು ಅಲ್ಲೇ ಸಾಯುವಂತೆ ಮಾಡುತ್ತಾನೆ. ಆದರೆ ಕೊನೆಯ ಪುಟಗಳಲ್ಲಿ ಲೇಖನ ಮಾತು ಮತ್ತು ಕ್ರಿಯೆಯ ನಡುವಿನ ಗೆರೆ ಎಲ್ಲಿದೆ ಎಂಬ ತತ್ತ್ವದ ಕಡೆಗೆ ಹೊರಳಿ, ಕಂಪ್ಯೂಟರಿಗೆ ಕೊಡುವ ಆಜ್ಞೆ ಮಂತ್ರದಂಥದ್ದು ಎನ್ನುವಲ್ಲಿಗೆ ಬರುತ್ತದೆ. ನನ್ನ ತಕರಾರು ಇಲ್ಲಿ. ಮಾತು ಏಟು ಕೊಡುತ್ತದೋ ಇಲ್ಲವೋ ಎನ್ನುವುದು ಪ್ರಶ್ನೆಯಾಗಿ ಕಾಣುವುದು ಹೊರಗಿನಿಂದ ಬಂದವರಿಗೆ. ರಾತ್ರಿ ಹನ್ನೊಂದಕ್ಕೆ ಒಬ್ಬ ಹುಡುಗಿ ಸ್ಕ್ರೀನ್‌ಶಾಟ್ ಕಳಿಸಿ ‘ಅಕ್ಕ, ಇದನ್ನ ನೋಡಿ’ ಎಂದಾಗ ಆ ಪ್ರಶ್ನೆ ಅಲ್ಲಿ ಇರುವುದೇ ಇಲ್ಲ. ಅಲ್ಲಿರುವುದು ಬೇರೆ ಪ್ರಶ್ನೆಗಳು. ಇದನ್ನು ಈಗಾಗಲೇ ಎಷ್ಟು ಜನ ಓದಿದ್ದಾರೆ? ಅಳಿಸಿದರೆ ಸಾಕ್ಷಿ ಹೋಗುತ್ತದೆಯೇ? ಅವನನ್ನು ತೆಗೆದರೆ ಅವನ ಗೆಳೆಯರು ಇವಳ ಇನ್‌ಸ್ಟಾಗ್ರಾಮ್ ಹುಡುಕುತ್ತಾರೆಯೇ?

ಲೇಖನದಲ್ಲಿ ಒಂದು ವಾದ ಬರುತ್ತದೆ. ಬಂಗಲ್‌ನ ಮಾತು ಕಾಣದಂತೆ ಮಾಡುವ ‘ಗ್ಯಾಗ್’ ಎಂಬ ಕಮ್ಯಾಂಡ್ ಎಲ್ಲರ ಕೈಯಲ್ಲೂ ಇತ್ತಲ್ಲ, ಲೆಗ್ಬಾ ಅದನ್ನು ಬಳಸಬಹುದಿತ್ತಲ್ಲ ಎಂದು. ಮೂವತ್ತು ವರ್ಷ ಕಳೆದ ಮೇಲೂ ನಮ್ಮ ಸರ್ವರಿನಲ್ಲಿ ವಾರಕ್ಕೊಮ್ಮೆಯಾದರೂ ಯಾರೋ ಹೇಳುವುದು ಇದನ್ನೇ: ‘ಬ್ಲಾಕ್ ಮಾಡ್ಕೊಳ್ಳಿ ಅಷ್ಟೇ’. ಗ್ಯಾಗ್ ಮಾಡಿದರೆ ನನಗೆ ಕಾಣುವುದಿಲ್ಲ. ಉಳಿದ ಪಡಸಾಲೆಗೆಲ್ಲ ಕಾಣುತ್ತಲೇ ಇರುತ್ತದೆ. ಅಂದರೆ ನನ್ನ ಬಗ್ಗೆ ಏನು ನಡೆಯುತ್ತಿದೆ ಎನ್ನುವುದು ಗೊತ್ತಿಲ್ಲದವಳು ನಾನೊಬ್ಬಳೇ ಆಗುತ್ತೇನೆ. ಡಿಬೆಲ್ ಇದನ್ನು ಸರಿಯಾಗಿ ಗುರುತಿಸಿದ್ದಾನೆ, ಆ ಭಾಗಕ್ಕಾಗಿ ಈ ಲೇಖನವನ್ನು ಇನ್ನೂ ಹತ್ತು ಸಲ ಓದಬಹುದು.

ನನಗೆ ಕಾಣದವರು ಯಾರು? ಲ್ಯಾಂಬ್ಡಾಮೂ ಕಥೆಯಲ್ಲಿ ಆಡುವವರಿದ್ದಾರೆ, ವಿಝರ್ಡ್‌ಗಳಿದ್ದಾರೆ. ಕನ್ನಡದಲ್ಲಿಯೂ ಆಡುವವರು ಇದ್ದಾರೆ, ಆಡಿಸುವವರು ಇದ್ದಾರೆ. ಆಡಿಸುವವನು ಅಂದರೆ ಒಡೆಯ, ಇಲ್ಲವೇ ದೇವರು. ನಡುವೆ ನಿಂತು ಬೀಗದ ಕೈ ಇಟ್ಟುಕೊಂಡವರಿಗೆ ಹೆಸರಿಲ್ಲ. ನಮ್ಮ ಸರ್ವರಿನ ಒಡೆಯ ಒಬ್ಬ ಸ್ಟ್ರೀಮರ್. ಆಟದ ಒಡೆತನ ದೂರದ ಕಂಪನಿಯದು, ಡಿಸ್ಕಾರ್ಡ್‌ನ ಒಡೆತನ ಇನ್ನೊಂದರದು. ನಮ್ಮ ಕೈಯಲ್ಲಿರುವುದು ಟೈಮ್‌ಔಟ್ ಎಂಬ ಬಟನ್, ಅದರಲ್ಲಿ 60 ಸೆಕೆಂಡಿನಿಂದ ಒಂದು ವಾರದವರೆಗೆ ಆರು ಅಳತೆಗಳು, ಅದರಾಚೆಗೆ ಕಿಕ್, ಬ್ಯಾನ್. ಒಬ್ಬ ಮನುಷ್ಯನ ನಡತೆಯನ್ನು ಈ ಆರು ಅಳತೆಗಳಲ್ಲಿ ತೂಗುವುದು ರೂಢಿಯಾಗುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಇವನು ಹತ್ತು ನಿಮಿಷದವನು, ಅವನು ಒಂದು ದಿನದವನು ಎಂದು ಮಾತಾಡಿಕೊಳ್ಳುತ್ತೇವೆ.

ಈ ನಡುವಿನವರ ಸುಳಿವು ಸಿಗುವುದು ಇನ್ನೊಂದು ಹಳೆಯ ಬರಹದಲ್ಲಿ. ಲೂಕಾಸ್‌ಫಿಲ್ಮ್ ಕಂಪನಿ 1986ರ ಸುಮಾರಿಗೆ ಕೊಮೊಡೋರ್ 64 ಕಂಪ್ಯೂಟರಿಗಾಗಿ ‘ಹ್ಯಾಬಿಟ್ಯಾಟ್’ ಎಂಬ ಲೋಕವನ್ನು ಕಟ್ಟಿತ್ತು. ಅದನ್ನು ಕಟ್ಟಿದ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಲ್ ಫಾರ್ಮರ್ 1990ರಲ್ಲಿ ತಮ್ಮ ಅನುಭವವನ್ನು ಒಂದು ಪ್ರಬಂಧವಾಗಿ ಮಂಡಿಸಿದರು. ಸಾಹಿತ್ಯವಾಗಲಿ ಎಂದು ಬರೆದದ್ದಲ್ಲ, ಎಂಜಿನಿಯರುಗಳ ವರದಿ. ಆದರೆ ನನ್ನ ಮಟ್ಟಿಗೆ ಡಿಬೆಲ್‌ಗಿಂತ ಇದು ದೊಡ್ಡ ಬರಹ, ಏಕೆಂದರೆ ಇದರಲ್ಲಿ ನಗು ಇದೆ. ವಾರಗಟ್ಟಲೆ ಕೂತು ಒಂದು ನಿಧಿಶೋಧದ ಆಟ ಕಟ್ಟಿದರು. ಒಬ್ಬ ಆಟಗಾರ ಅದನ್ನು ಒಂದು ದಿನದೊಳಗೇ ಮುಗಿಸಿಬಿಟ್ಟ. ಊರಿನ ಒಂದು ಕಡೆಯ ಯಂತ್ರದಲ್ಲಿ ಗೊಂಬೆಯ ಬೆಲೆ ಕಡಿಮೆ, ಇನ್ನೊಂದು ಕಡೆ ಅದನ್ನು ಮಾರಿದರೆ ಹೆಚ್ಚು ದುಡ್ಡು. ಕೆಲವರು ರಾತ್ರಿಯಿಡೀ ಗೊಂಬೆ ಹೊತ್ತು ಓಡಾಡಿದರು, ಬೆಳಿಗ್ಗೆ ನೋಡಿದರೆ ಆ ಲೋಕದ ಒಟ್ಟು ಹಣ ಐದು ಪಟ್ಟಾಗಿತ್ತು. ಜನ ಗುಂಡು ಹಾರಿಸಿ ಒಬ್ಬರನ್ನೊಬ್ಬರು ಕೊಲ್ಲತೊಡಗಿದಾಗ, ನಿಜಜೀವನದಲ್ಲಿ ಗ್ರೀಕ್ ಆರ್ಥೊಡಾಕ್ಸ್ ಪಾದ್ರಿಯಾಗಿದ್ದ ಒಬ್ಬ ಆಟಗಾರ ಅಲ್ಲೊಂದು ಚರ್ಚ್ ತೆರೆದು, ತನ್ನ ಶಿಷ್ಯರು ಆಯುಧ ಹಿಡಿಯಬಾರದೆಂದ. ಊರಿನ ಪತ್ರಿಕೆಯನ್ನೂ ಒಬ್ಬ ಆಟಗಾರನೇ ನಡೆಸುತ್ತಿದ್ದ. ಕೂತಲ್ಲಿಂದ ಎಲ್ಲವನ್ನೂ ಯೋಜಿಸಲಾಗದು ಎಂದು ಎಂಜಿನಿಯರುಗಳು ಒಪ್ಪಿಕೊಳ್ಳುವ ಧಾಟಿಯಲ್ಲಿ ಒಂದು ವಿನಯವಿದೆ. ಆಡಿಸುವವರು ಬರೆದ ಗದ್ಯದಲ್ಲಿ ಅದು ಅಪರೂಪ.

ಆದರೆ ಆ ಪಾದ್ರಿಗೆ, ಆ ಸಂಪಾದಕನಿಗೆ ಪ್ರಬಂಧದಲ್ಲಿ ಸಿಗುವುದು ತಲಾ ನಾಲ್ಕೈದು ಸಾಲು. ಊರು ನಡೆದದ್ದು ಇವರಿಂದ. ಇವರಿಗೆ ಸಂಬಳವಿಲ್ಲ, ತಮ್ಮ ಬಾಯಿಂದ ಒಂದು ಮಾತೂ ಇಲ್ಲ. ಇದರ ಮುಂದಿನ ಅಧ್ಯಾಯ ಸಾಹಿತ್ಯದಲ್ಲಿಲ್ಲ, ನ್ಯಾಯಾಲಯದ ಕಡತದಲ್ಲಿದೆ. ಹ್ಯಾಬಿಟ್ಯಾಟ್ ನಡೆದದ್ದು ಕ್ವಾಂಟಮ್ ಲಿಂಕ್ ಎಂಬ ಸೇವೆಯ ಮೇಲೆ. ಅದೇ ಕಂಪನಿ ಮುಂದೆ ಅಮೆರಿಕ ಆನ್‌ಲೈನ್, ಅಂದರೆ ಎಒಎಲ್ ಆಯಿತು. ಅಲ್ಲಿ ಚಾಟ್‌ರೂಮುಗಳನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರು ನಾವು ಮಾಡಿದ್ದೂ ಕೆಲಸವೇ, ಕೂಲಿ ಕೊಡಿ ಎಂದು 1999ರಲ್ಲಿ ದಾವೆ ಹೂಡಿದರು. ಮರುವರ್ಷ ‘ಅಲ್ಟಿಮಾ ಆನ್‌ಲೈನ್’ ಆಟದ ಸ್ವಯಂಸೇವಕರೂ ಅದೇ ದಾರಿ ಹಿಡಿದರು. ಎಒಎಲ್ ಮೊಕದ್ದಮೆ ರಾಜಿಯಲ್ಲಿ ಮುಗಿಯಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಈ ಕೆಲಸ ಕೆಲಸವೋ ಹವ್ಯಾಸವೋ ಎಂಬುದನ್ನು ಕೇಳಿದವರು ವಿಮರ್ಶಕರಲ್ಲ, ವಕೀಲರು.

ಹಾಗಾದರೆ ನಡುವಿನವರು ಏನನ್ನೂ ಬರೆದಿಲ್ಲವೇ? ಬರೆದಿದ್ದಾರೆ, ದಿನವೂ ಬರೆಯುತ್ತಾರೆ. ನಮ್ಮ ಸರ್ವರಿನಲ್ಲಿ ಮಾಡರೇಟರುಗಳಿಗಷ್ಟೇ ಕಾಣುವ ಒಂದು ಲಾಗ್ ಚಾನೆಲ್ ಇದೆ. ಅಳಿಸಿದ ಪ್ರತಿ ಮೆಸೇಜನ್ನೂ ಒಂದು ಬಾಟ್ ಅಲ್ಲಿ ತಂದು ಹಾಕುತ್ತದೆ, ಅದರ ಕೆಳಗೆ ನಾವು ಕಾರಣ ಬರೆಯುತ್ತೇವೆ. ‘ತಾಯಿಯ ಮೇಲೆ ಬೈಗುಳ, 1 ಗಂಟೆ.’ ‘ಜಾತಿ ಹೆಸರು ಹಿಡಿದು ಹಂಗಿಸಿದ್ದು, ಎರಡನೇ ಸಲ, ಬ್ಯಾನ್.’ ‘ತಮಾಷೆಯೇ ಇರಬಹುದು, ಆದರೂ ತೆಗೆದಿದ್ದೇನೆ.’ ಈ ಕೊನೆಯದರಲ್ಲಿ ‘ಆದರೂ’ ಎಂಬ ಪದಕ್ಕಾಗಿ ನಾವು ಐವರು ಒಂದು ಸಂಜೆಯಿಡೀ ಜಗಳವಾಡಿದ್ದೆವು. ವಿಮರ್ಶೆ ಕಲಿಯುವಾಗ ಉಳಿದ ಪಠ್ಯವನ್ನು ಓದುವುದನ್ನು ಕಲಿತಿದ್ದೇನೆ. ಇಲ್ಲಿ ಚೆನ್ನಾಗಿ ನಡೆದ ಸಮುದಾಯವೆಂದರೆ ಏನನ್ನೋ ಕಾಣದಂತೆ ಮಾಡಿದ ಪಠ್ಯ. ಹೊಸದಾಗಿ ಬಂದವನಿಗೆ ಇದೊಂದು ತಣ್ಣಗಿನ ಜಾಗ ಅನ್ನಿಸುತ್ತದೆ, ಮಾಡರೇಟರುಗಳು ಯಾಕಿದ್ದಾರೆ ಎಂದು ಕೇಳುತ್ತಾನೆ.

ಕನ್ನಡದಲ್ಲಿ ಈ ಕೆಲಸಕ್ಕೆ ಕರ್ಟಿಸ್ ಎದುರಿಸದ ಒಂದು ತೊಡಕಿದೆ. ಇಂಗ್ಲಿಷಿನಲ್ಲಿ ಎಚ್ಚರಿಕೆ ಕೊಡುವವನಿಗೆ ಒಂದೇ ಸರ್ವನಾಮ ಸಾಕು. ನಾವು ಬಾಟ್‌ನ ಇಂಗ್ಲಿಷ್ ನೋಟಿಸುಗಳನ್ನು ಕನ್ನಡಕ್ಕೆ ತಂದ ದಿನವೇ ನೀನು-ನೀವು ಎದುರಾಯಿತು. ‘ಬೈಯಬೇಡ’ ಎಂದರೆ ಹದಿನಾರರ ಹುಡುಗ ಅಣ್ಣನ ಗದರಿಕೆ ಎಂದು ತಗೊಳ್ಳುತ್ತಾನೆ, ಮೂವತ್ತರವನು ‘ಯಾವನೋ ನೀನು’ ಎನ್ನುತ್ತಾನೆ. ‘ಬೈಯಬೇಡಿ’ ಎಂದರೆ ಬಸ್ಸಿನ ಬೋರ್ಡು. ಹೆಸರು ನೋಡಿದರೆ ವಯಸ್ಸು ಗೊತ್ತಾಗುವುದಿಲ್ಲ. ಇನ್ನು ‘ಮಗಾ’, ‘ಲೋ’, ‘ಗುರು’ ಇವು ಪ್ರೀತಿಯೋ ಕಾಲುಕೆರೆತವೋ ಎನ್ನುವುದು ಹಿಂದಿನ ಇಪ್ಪತ್ತು ಸಾಲು ಓದದೆ ತಿಳಿಯದು. ಹುಡುಗರು ಬರೆಯುವುದು ಇಂಗ್ಲಿಷ್ ಲಿಪಿಯ ಕನ್ನಡ. ಒಂದೇ ಬೈಗುಳಕ್ಕೆ ಹತ್ತು ಸ್ಪೆಲಿಂಗ್. ಫಿಲ್ಟರ್ ಒಂದನ್ನು ಹಿಡಿದರೆ ಒಂಬತ್ತು ದಾಟುತ್ತವೆ, ಜೊತೆಗೆ ಪಾಪದ ಊರಿನ ಹೆಸರೊಂದು ಸಿಕ್ಕಿಬೀಳುತ್ತದೆ. ಕಾವೇರಿ ಸುದ್ದಿಯಲ್ಲಿರುವ ವಾರಗಳಲ್ಲಿ ಇದೆಲ್ಲ ಇನ್ನೊಂದು ಸುತ್ತು ಹೆಚ್ಚು.

ನನ್ನ ಪ್ರೊಫೈಲ್ ಹೆಸರು ಗಂಡೋ ಹೆಣ್ಣೋ ತಿಳಿಯದಂಥದ್ದು. ಒಂದು ವರ್ಷ ಎಲ್ಲರಿಗೂ ನಾನು ‘ಅಣ್ಣ’. ವಾಯ್ಸ್ ಚಾನೆಲ್‌ನಲ್ಲಿ ಒಮ್ಮೆ ಮಾತಾಡಿದ ಮೇಲೆ ‘ಅಕ್ಕ’ ಆದೆ. ಅಂದಿನಿಂದ ಕೆಲವರು ಬೇಗ ಕ್ಷಮೆ ಕೇಳುತ್ತಾರೆ. ಇನ್ನು ಕೆಲವರಿಗೆ ಅದೇ ಟೈಮ್‌ಔಟ್ ಈಗ ಅವಮಾನ, ಅದಕ್ಕೆ ಸಿಗುವ ಉತ್ತರದ ಭಾಷೆಯೇ ಬೇರೆ. ಲೆಗ್ಬಾಳ ಬರಹದಲ್ಲಿ ಸಿಟ್ಟೂ ಸಭ್ಯತೆಯೂ ಬೆರೆತಿರುವುದು ವಿಚಿತ್ರವಾಗಿದೆ ಎಂದು ಡಿಬೆಲ್ ಬೆರಗಾಗುತ್ತಾನೆ. ನನಗೆ ಅದರಲ್ಲಿ ವಿಚಿತ್ರ ಕಾಣಲಿಲ್ಲ. ಬರೀ ಸಿಟ್ಟಿನಲ್ಲಿ ಬರೆದಿದ್ದರೆ ಚರ್ಚೆ ಅವಳ ಸಿಟ್ಟಿನ ಬಗ್ಗೆ ನಡೆಯುತ್ತಿತ್ತು.

ಲ್ಯಾಂಬ್ಡಾಮೂ ಕಥೆ ಡಿಬೆಲ್ ನಿಲ್ಲಿಸಿದಲ್ಲಿ ನಿಲ್ಲುವುದಿಲ್ಲ. ಬಂಗಲ್ ಪ್ರಸಂಗಕ್ಕೂ ಮುಂಚೆ, 1992ರ ಕೊನೆಯಲ್ಲಿ, ಇನ್ನು ಮೇಲೆ ವಿಝರ್ಡ್‌ಗಳು ತಂತ್ರಜ್ಞರು ಮಾತ್ರ, ಜನರ ಜಗಳ ಜನರದೇ ಎಂದು ಕರ್ಟಿಸ್ ಘೋಷಿಸಿದ್ದ. ಪ್ರಸಂಗದ ನಂತರ ಅರ್ಜಿ ಮತ್ತು ಮತದಾನದ ವ್ಯವಸ್ಥೆ ತಂದ. 1996ರಲ್ಲಿ ವಿಝರ್ಡ್‌ಗಳು ಇನ್ನೊಂದು ಪ್ರಕಟಣೆ ಹೊರಡಿಸಿ, ಬರೀ ತಂತ್ರಜ್ಞರಾಗಿ ಉಳಿಯುವುದು ಆಗದ ಮಾತು ಎಂದು ಆ ಹಳೆಯ ಘೋಷಣೆಯಿಂದ ಹಿಂದೆ ಸರಿದರು. ಪಠ್ಯಪಟ್ಟಿಗಳಲ್ಲಿ ಮೊದಲ ಅಂಕವಿದೆ, ಈ ಕೊನೆಯ ಅಂಕ ಅಷ್ಟಾಗಿ ಕಾಣುವುದಿಲ್ಲ. ನ್ಯಾಯ ಹುಟ್ಟಿದ ಕಥೆಗೆ ಸಿಗುವ ಓದುಗರು ನ್ಯಾಯ ದಣಿದ ಕಥೆಗೆ ಸಿಗುವುದಿಲ್ಲ.

ದಣಿವು ಎಂದೆ. 2022ರ ಜುಲೈಯಲ್ಲಿ ಬಿಜಿಎಂಐ ಭಾರತದ ಆ್ಯಪ್ ಸ್ಟೋರುಗಳಿಂದ ಹೋಯಿತು, ವಾಪಸ್ ಬಂದದ್ದು 2023ರ ಮೇ ತಿಂಗಳಲ್ಲಿ. ನಮ್ಮ ಸರ್ವರ್ ಇದ್ದದ್ದು ಅದೇ ಆಟಕ್ಕಾಗಿ. ಆ ಹತ್ತು ತಿಂಗಳು ಇನ್ನು ಯಾರೂ ಬರಲಾರರು, ನಮಗೂ ಬಿಡುವು ಎಂದುಕೊಂಡಿದ್ದೆವು. ಹುಡುಗರು ದಿನವೂ ಬಂದರು. ಪಿಯುಸಿ ಫಲಿತಾಂಶ, ಕೆಲಸದ ಇಂಟರ್‌ವ್ಯೂ, ಅಪ್ಪನ ಆಪರೇಷನ್, ಹೋದ ಹುಡುಗಿ, ಬೈಕಿನ ಮೈಲೇಜು. ಜಗಳವೂ ಇತ್ತು, ಲಾಗ್ ಚಾನೆಲ್ ಒಂದು ದಿನವೂ ಖಾಲಿ ಬೀಳಲಿಲ್ಲ. ಇಂಥ ಸಮುದಾಯಗಳ ಬಗ್ಗೆ ನಾನು ಓದಿದ ಅಧ್ಯಯನಗಳು ಬಹುಪಾಲು ಆಟದಿಂದ ಶುರುವಾಗುತ್ತವೆ. ಟಿ.ಎಲ್. ಟೇಲರ್ ‘ಎವರ್‌ಕ್ವೆಸ್ಟ್’ ಬಗ್ಗೆ 2006ರಲ್ಲಿ ಬರೆದ ‘ಪ್ಲೇ ಬಿಟ್ವೀನ್ ವರ್ಲ್ಡ್ಸ್’ ಪುಸ್ತಕದಲ್ಲಿ ಆಟದ ಆಚೆಗೆ ಹರಿಯುವ ಸಂಬಂಧಗಳು ಚೆನ್ನಾಗಿ ಬಂದಿವೆ, ಆದರೆ ಅಲ್ಲಿಯೂ ಆಟ ಇದೆ. ಆಟವೇ ಇಲ್ಲದ ಆಟದಂಗಳವನ್ನು ಕಾಯುವುದು ಹೇಗಿರುತ್ತದೆ ಎಂಬುದನ್ನು ಕನ್ನಡದಲ್ಲಿ ಯಾರಾದರೂ ಕಾದಂಬರಿಯಾಗಿ ಬರೆದರೆ ನಾನು ಮೊದಲ ಓದುಗಳು.

ನನ್ನ ಪ್ರಬಂಧಕ್ಕೆ ಆ ಲಾಗ್ ಬಳಸಬಾರದೇಕೆ ಎಂದು ವಿಭಾಗದಲ್ಲಿ ಕೇಳಿದವರಿದ್ದಾರೆ. ನಾಲ್ಕು ವರ್ಷದ ದಾಖಲೆ, ಯಾರ ಬಳಿಯೂ ಇಲ್ಲದ್ದು. ಬಳಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಅದು ನೂರಾರು ಹುಡುಗರು ಹದಿನೈದು ಹದಿನಾರರ ವಯಸ್ಸಿನಲ್ಲಿ ಆಡಿದ ಅತ್ಯಂತ ಕೆಟ್ಟ ವಾಕ್ಯಗಳ ಸಂಕಲನ. ಅವರು ಆಡಿದ ಒಳ್ಳೆಯ ಮಾತೊಂದೂ ಅದರಲ್ಲಿಲ್ಲ. ಅವರಲ್ಲಿ ಯಾರೂ ನನ್ನ ಸಂಶೋಧನೆಗೆ ಒಪ್ಪಿ ಅದನ್ನು ಬರೆದವರಲ್ಲ. ಹೋದ ವರ್ಷ ಕೆಲಸಕ್ಕೆ ಸೇರಿದ ಒಬ್ಬ ಹಳೆಯ ಹುಡುಗ ಮೆಸೇಜ್ ಮಾಡಿದ: ‘ಅಕ್ಕ, ನಾನು ಆಗ ಬರ್ದಿದ್ದು ನಿಮ್ ಹತ್ರ ಇನ್ನೂ ಇದ್ಯಾ?’ ಇತ್ತು. ಉಳಿದ ನಾಲ್ವರ ಜೊತೆ ಮಾತಾಡಿದೆ. ಮತ್ತೆ ತೊಂದರೆ ಕೊಟ್ಟರೆ ಹಳೆಯದು ಬೇಕಾಗುತ್ತದೆ ಎಂದು ಇಬ್ಬರು, ತೆಗೆದುಬಿಡೋಣ ಎಂದು ಇಬ್ಬರು. ಕೊನೆಗೆ, ಬೆದರಿಕೆ ಮತ್ತು ಹುಡುಗಿಯರಿಗೆ ಕೊಟ್ಟ ಕಿರುಕುಳದ ದಾಖಲೆ ಬಿಟ್ಟು, ಒಂದು ವರ್ಷ ದಾಟಿದ್ದನ್ನೆಲ್ಲ ಅಳಿಸುವುದು ಎಂದಾಯಿತು. ಅಳಿಸುವುದಕ್ಕೆ ಮೂರು ಭಾನುವಾರ ಹಿಡಿಯಿತು. ಅವನ ಸಾಲು ಎರಡನೇ ಭಾನುವಾರ ಸಿಕ್ಕಿತು. ಅದರ ಜೊತೆ, ಕೆಳಗೆ ನಾನು ಬರೆದಿದ್ದ ಕಾರಣವೂ ಹೋಯಿತು.