ತಂಪಿನ ಜಾಡು ಹಿಡಿಯುವ ಕಸುಬು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಎರೆ ಮತ್ತು ಮಸಾರಿ ನೆಲದಲ್ಲಿ, ಜನರು ಹಿಟಾಚಿ ಎಂದೇ ಕರೆಯುವ ಅಗೆಯುವ ಯಂತ್ರದ ಕ್ಯಾಬಿನ್ನಿನಲ್ಲಿ ತಂಪು ಕುಂದಿದಾಗ, ನುರಿತ ಎ.ಸಿ. ಮೆಕ್ಯಾನಿಕ್ ಕೂಡಲೇ ಗ್ಯಾಸ್ ತುಂಬಲು ಮುಂದಾಗದೆ, ಗಾಳಿ ಸೋಸುವ ಫಿಲ್ಟರನ್ನೂ, ಬಿಸಿಯನ್ನು ಹೊರಹಾಕುವ ಕಂಡೆನ್ಸರನ್ನೂ, ಕಂಪ್ರೆಸರ್ ತಿರುಗಿಸುವ ಬೆಲ್ಟನ್ನೂ ಮೊದಲು ಪರೀಕ್ಷಿಸುವ ಕ್ರಮ ನಿಜಕ್ಕೂ ಮೆಚ್ಚತಕ್ಕದ್ದು. ನುಣುಪಾದ ಧೂಳು ಕಂಡೆನ್ಸರಿನ ತೆಳು ಪಟ್ಟಿಗಳ ನಡುವೆ ಕಟ್ಟಿಕೊಂಡರೆ, ಗ್ಯಾಸ್ ಸಾಕಷ್ಟಿದ್ದರೂ ಅದರ ಬಿಸಿ ಸರಿಯಾಗಿ ಹೊರಹೋಗದು. ಆಗ ಗೇಜಿನಲ್ಲಿ, ಅಂದರೆ ಒತ್ತಡದ ಮಾಪಕದಲ್ಲಿ, ಹೆಚ್ಚೊತ್ತಡದ ಮುಳ್ಳು ಮೇಲೇರುತ್ತದೆ, ಗ್ಯಾಸ್ ಸೋರಿದ್ದರೆ ಸಾಮಾನ್ಯವಾಗಿ ಹೆಚ್ಚೊತ್ತಡದ ಮತ್ತು ಕಡಿಮೆ ಒತ್ತಡದ ಎರಡೂ ಮುಳ್ಳುಗಳು ಇಳಿಯುತ್ತವೆ. ಈ ಭೇದವನ್ನು ಓದಬಲ್ಲ ಕಣ್ಣೇ ಕಸುಬಿನ ಜೀವಾಳ. ಇಂಥ ಎ.ಸಿ.ಗಳಲ್ಲಿ ತಂಪಿನ ಗ್ಯಾಸಾಗಿ ಹೆಚ್ಚಾಗಿ ಬಳಕೆಯಲ್ಲಿರುವ ಆರ್-134ಎ ಅನಿಲವು ವಾತಾವರಣದ ಒತ್ತಡದಲ್ಲಿ ಸುಮಾರು ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವುದರಿಂದ, ದ್ರವರೂಪದಲ್ಲಿ ಬರಿಗೈಗೆ ಸಿಡಿದರೆ ಚರ್ಮ ಹೆಪ್ಪುಗಟ್ಟಬಹುದು. ಕೈಗವಸು, ಕನ್ನಡಕಗಳಿಲ್ಲದೆ ಯಾರೂ ಗ್ಯಾಸ್ ಹರಿಯುವ ಕೊಳವೆಯನ್ನು ಬಿಚ್ಚಬಾರದು.